ಎರಿಭೂಮಿಯಲ್ಲಿ ನೀಲಿ ಹುಲ್ಲು

ಬರ ತಾಳುವ ಅಲಂಕಾರದ ನೀಲಿ ಹುಲ್ಲುಗಳಲ್ಲಿ ಹೆಸರುವಾಸಿಯಾದದ್ದು ಯುರೋಪ್ ಮೂಲದ ಫೆಸ್ಟುಕಾ ಗ್ಲಾಕಾ. ಗೇಣೆತ್ತರದ ದುಂಡು ಪೊದೆ, ಸೂಜಿಯಂಥ ಎಲೆ. ಕಡಿಮೆ ನೀರಿನಲ್ಲಿ ಬದುಕುವ ಕೀರ್ತಿಯನ್ನು ಅದು ಗಳಿಸಿದ್ದು ತಂಪು ನಾಡಿನಲ್ಲಿ. ಬ್ಯಾಸಗಿಯಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಜಲನಗರದಲ್ಲಿ ಈ ಕೀರ್ತಿಗೆ ಮರುಪರೀಕ್ಷೆ ಇರುತ್ತದೆ.

ನೀಲಿ ಕಾಣುವುದು ಎಲೆಯ ಮೇಲಿನ ತೆಳು ಮೇಣದಿಂದ. ತಿಕೋಟಾದ ದ್ರಾಕ್ಷಿಯ ಮೇಲಿರುವ ಬೂದಿ ಬಣ್ಣದ ಪದರಿನಂತೆಯೇ ಇದೂ ಒಳಗಿನ ನೀರನ್ನು ಕಾಯುತ್ತದೆ. ಒಣದ್ರಾಕ್ಷಿ ಮಾಡುವವರು ಹಣ್ಣನ್ನು ದ್ರಾವಣದಲ್ಲಿ ಅದ್ದಿ ಆ ಮೇಣವನ್ನು ಕೆಡಿಸಿಯೇ ಒಣಹಾಕುತ್ತಾರೆ. ಹುಲ್ಲಿನ ಮೇಣ ಕೆಡಿಸಲು ದ್ರಾವಣ ಬೇಕಿಲ್ಲ, ಮನೆಗೆ ಬಂದ ಬೀಗರು ಸಾಕು. “ಖರೇನ ನೀಲಿ ಐತೇನ್ರಿ, ಬಣ್ಣಾ ಹಚ್ಚೀರೇನು?” ಎಂದು ತಿಕ್ಕಿ ನೋಡಿದಲ್ಲೆಲ್ಲ ಅಪ್ಪಟ ಹಸಿರು ಹೊರಬರುತ್ತದೆ.

ಬರಕ್ಕೆ ಹೆದರದ ಈ ಹುಲ್ಲು ಸಾಯುವುದು ಮಳೆಗೆ. ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಬ್ಯಾಸಗಿಯಲ್ಲಿ ಬಿರುಕು ಬಿಡುವ ಎರಿಮಣ್ಣು ಆಗ ಉಬ್ಬಿ, ಕುಡಿದ ನೀರನ್ನು ಬಿಡದೆ ಬೇರು ಕೊಳೆಸುತ್ತದೆ. ಆದ್ದರಿಂದ ಗರಸು, ಉಸುಕು ಬೆರೆಸಿದ ಮಣ್ಣಿನಿಂದ ಒಂದಡಿ ಎತ್ತರದ ಮಡಿ ಕಟ್ಟಬೇಕು. ಮಳೆಗಾಲ ಮುಗಿದ ಮೇಲೆ, ಮುಂಜಾನೆ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ, ಅಡಿಗೊಂದರಂತೆ ನೆಡಬೇಕು.

ಬೇರೂರಿದ ಮೇಲೆ ಎರಡು ಬೆರಳಾಳದ ಮಣ್ಣು ಒಣಗಿದಾಗಷ್ಟೇ ನೀರು. ಆದರೆ ಕೊಡ, ಪಿಪಾಯಿ, ಬಕೀಟು ಎಲ್ಲ ತುಂಬಿದ ಮೇಲೂ ನಳ ನಿಲ್ಲದಿದ್ದರೆ, ನೀರು ವ್ಯರ್ಥವಾಗಬಾರದೆಂಬ ಸದ್ಗುಣವೇ ಪೈಪನ್ನು ಹುಲ್ಲಿನ ಬುಡಕ್ಕೆ ಎಳೆಯುತ್ತದೆ. ಅನೇಕ ನೀಲಿ ಹುಲ್ಲುಗಳು ಹೀಗೆ ಮಿತವ್ಯಯಕ್ಕೆ ಬಲಿಯಾಗಿವೆ. ಗೊಬ್ಬರದ ಪ್ರೀತಿಯೂ ಹಿತವಲ್ಲ. ಉಂಡ ಹುಲ್ಲು ಮೈಬಿಟ್ಟು ಮಲಗುತ್ತದೆ. ವರ್ಷಕ್ಕೊಮ್ಮೆ ಒಣಗಿದ್ದನ್ನು ಕತ್ತರಿಸಬೇಕು. ಎರಡು ಮೂರು ವರ್ಷಕ್ಕೆ ಪೊದೆಯ ನಡುನೆತ್ತಿ ಬೋಳಾಗುತ್ತದೆ. ಆಗ ಕಿತ್ತು, ಅಂಚಿನ ತುಂಡುಗಳನ್ನು ಮರುನಾಟಿ ಮಾಡಬೇಕು.

ಕೀಟಗಳ ಕಾಟ ಕಡಿಮೆ. ಗೇಟು ತೆರೆದಿದ್ದರೆ ಒಳಬರುವ ಆಡಿಗೆ ಮಾತ್ರ ಅಲಂಕಾರದ ಹುಲ್ಲು, ಹೊಟ್ಟೆಯ ಹುಲ್ಲು ಎಂಬ ಭೇದವಿಲ್ಲ.

ಇಷ್ಟು ಉಪಚಾರ ಬೇಡದವರಿಗೆ ಡೈಕ್ಯಾಂಥಿಯಂ ಆನ್ಯುಲೇಟಂ, ಅಂದರೆ ಮಾರ್ವೆಲ್ ಹುಲ್ಲು, ಇದೆ. ಗಿಣ್ಣಿಗೆ ಬಿಳಿ ರೋಮದ ಉಂಗುರ ತೊಟ್ಟ ಈ ಹುಲ್ಲಿಗೆ ದಖ್ಖನ್ನಿನ ಎರಿಮಣ್ಣೇ ತವರು. ಟೆಕ್ಸಾಸಿನಲ್ಲಿ ಇದಕ್ಕೆ ಕ್ಲೆಬರ್ಗ್ ಬ್ಲೂಸ್ಟೆಮ್ ಎಂದು ಹೆಸರು; ಅಲ್ಲಿ ಅದು ಅಂಕೆ ಮೀರಿ ಹಬ್ಬಿದ ಕಳೆ. ಬಬಲೇಶ್ವರದ ಕಡೆಯಂಥ ಎರಿಹೊಲದ ಬದುವಿಗೆ ಇದು ಒಗ್ಗಿದ ಹುಲ್ಲು. ನರ್ಸರಿಯ ಚೀಟಿ ಇಲ್ಲದಿರುವುದರಿಂದ ಅಂಗಳದಲ್ಲಿ ಗೌರವ ಸ್ವಲ್ಪ ಕಡಿಮೆ. ಬೇರುಸಹಿತ ತಂದು ಮಳೆಗಾಲದ ಆರಂಭದಲ್ಲಿ ನೆಟ್ಟರೆ ಸಾಕು. ಹೂತೆನೆ ಬಂದಾಗ, ಬೀಜ ಉದುರುವ ಮೊದಲೇ ಕೊಯ್ಯಬೇಕು. ಕೊಯ್ದದ್ದನ್ನು ಮಗ್ಗಲ ಮನೆಯ ಆಕಳಿಗೆ ಹಾಕಿದರೆ ಕಸ ಸಾಗಿಸುವ ಚಿಂತೆಯೂ ಇಲ್ಲ.