ಸೋಮವಾರ ಚಿಕನ್ ಬಡಿಸುವವರಿಗೆ

ಹನಿಮೂನ್ ಪ್ಯಾಕೇಜ್ ಮಾಡಿಕೊಡುವ ಮಹನೀಯರೇ,

ಹಂಪನಕಟ್ಟೆಯ ನಿಮ್ಮ ಆಫೀಸಿನಲ್ಲಿ ಬೆಳಿಗ್ಗೆ ಕೂತವಳು ಊಟದ ಹೊತ್ತು ಮೀರಿದ ಮೇಲೆ ಎದ್ದು ಈಗಷ್ಟೇ ಮನೆಗೆ ಬಂದಿದ್ದೇನೆ. ಎಸಿ ಚೆನ್ನಾಗಿತ್ತು. ಗೋಡೆಯ ಮೇಲಿನ ಐಫೆಲ್ ಟವರ್ ಕೂಡ ಚೆನ್ನಾಗಿತ್ತು, ಅದರ ಒಂದೊಂದು ಕಬ್ಬಿಣದ ಪಟ್ಟಿಯನ್ನೂ ನೋಡುವಷ್ಟು ಸಮಯ ಕೊಟ್ಟಿರಿ. ನಮ್ಮ ಫೈಲ್ ನೋಡುವ ಹುಡುಗ ಚಾ ಕುಡಿಯಲು ಹೋಗಿದ್ದ. ಬಂದ ಮೇಲೆ ಸಿಸ್ಟಮ್ ಸ್ಲೋ ಎಂದ. ಸಿಸ್ಟಮ್ ಚುರುಕಾದ ಮೇಲೆ ಒಳಗಿನ ಕೋಣೆಯಿಂದ ತಾವು ಬಂದು, "ಚೇಂಜ್ ಮಾಡ್ಲಿಕ್ಕೆ ಆಗುದಿಲ್ಲ ಮೇಡಂ" ಎಂದು ಒಂದೇ ಮಾತಿನಲ್ಲಿ ಮುಗಿಸಿದಿರಿ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಪ್ಯಾರಿಸ್ ದರ್ಶನ ನನಗೆಲ್ಲಿ ಆಗುತ್ತಿತ್ತು ಬಿಡಿ.

ನಾವು ಕೇಳಿದ್ದೇನು ಎಂದು ಊರಿಗೆಲ್ಲ ಗೊತ್ತಾಗಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಮದುವೆಯಾಯಿತು. ಸಮ್ಮಾನದ ಊಟ ಎಂದು ನೆಂಟರ ಮನೆಮನೆಗೂ ಹೋಗಿ, ಎಲ್ಲ ಕಡೆ ಹೋಳಿಗೆಯನ್ನೋ ಕೋರಿರೊಟ್ಟಿಯನ್ನೋ ತಿಂದು, ನಕ್ಕು ನಕ್ಕು ದವಡೆ ನೋವು ಬಂತು. ಇನ್ನು ಇಬ್ಬರೇ ಎಲ್ಲಾದರೂ ಹೋಗೋಣ ಎಂದೆವು. ಊಟಿ ಬೇಡ, ಕೊಡೈ ಬೇಡ, ಮನಾಲಿಯಲ್ಲಿ ಬಾಡಿಗೆ ಕೋಟು ಹಾಕಿ ನಡುಗುವುದಂತೂ ಬೇಡವೇ ಬೇಡ. ನನಗೂ ಇವರಿಗೂ ಇರುವ ಒಂದೇ ಸಮಾನ ದುರ್ಗುಣವೆಂದರೆ ರೋಲರ್ ಕೋಸ್ಟರಿನ ಹುಚ್ಚು. ನಿಶ್ಚಿತಾರ್ಥ ಆದಮೇಲೆ ಮನೆಯವರ ಕಣ್ಣು ತಪ್ಪಿಸಿ ಪಿಲಿಕುಳದ ಮಾನಸ ವಾಟರ್ ಪಾರ್ಕಿಗೆ ಹೋಗಿದ್ದೆವು. ಜಾರುಬಂಡಿಯಲ್ಲಿ ಕೆಳಗೆ ಬಂದು ಕಣ್ಣು ಒರೆಸಿ ನೋಡಿದರೆ ಎದುರಿಗೆ ಇವರ ಸೋದರಮಾವ, ಸಂಸಾರ ಸಮೇತ, ಸೊಂಟದವರೆಗೆ ನೀರಿನಲ್ಲಿ. ಮಂಗಳೂರು ಅಷ್ಟೇ ದೊಡ್ಡ ಊರು. ಹಾಗಾಗಿ ಘಟ್ಟ ಹತ್ತಿಬಿಡುವುದೇ ಕ್ಷೇಮ, ಬಿಡದಿಯ ವಂಡರ್‌ಲಾಕ್ಕೆ ಹೋಗೋಣ ಎಂದು ತೀರ್ಮಾನವಾಯಿತು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಶುರುಮಾಡಿದವರೇ 2005ರಲ್ಲಿ ಅಲ್ಲಿ ತೆರೆದ ಪಾರ್ಕು. 2012ರಿಂದ ಅದಕ್ಕೆ ಅಂಟಿಕೊಂಡೇ ಅವರದೊಂದು ರೆಸಾರ್ಟೂ ಇದೆ. ಬೆಳಿಗ್ಗೆ ಎದ್ದು ನಡೆದುಹೋಗಿ ರೈಡ್ ಹತ್ತುವುದು, ಸಂಜೆ ಒದ್ದೆ ತಲೆಯಲ್ಲೇ ನಡೆದುಬಂದು ಮಲಗುವುದು. ಇಷ್ಟೇ ನಮ್ಮ ಕನಸು.

ಈ ಕನಸನ್ನು ನಿಮ್ಮ ಕೈಗೆ ಕೊಟ್ಟೆವು. ನೀವು ಅದಕ್ಕೆ ಎರಡು ಹಂಸ ಸೇರಿಸಿದಿರಿ.

ವಾಟ್ಸಾಪಿನಲ್ಲಿ ಬಂದ ನಿಮ್ಮ ಪಿಡಿಎಫ್‌ನ ಮೊದಲ ಪುಟ ತುಂಬ ಆ ಹಂಸಗಳೇ. ಬಿಳಿ ಟವೆಲನ್ನು ತಿರುಚಿ, ಕೊಕ್ಕಿಗೆ ಕೊಕ್ಕು ತಾಗಿಸಿ, ಸುತ್ತ ಗುಲಾಬಿ ಎಸಳು ಉದುರಿಸಿದ ಹಾಸಿಗೆ. ಇಡೀ ದಿನ ನೀರಿನಲ್ಲಿ ಬಿದ್ದು ಬರುವವರಿಗೆ ಮುಖ್ಯವಾಗಿ ಬೇಕಾದದ್ದು ಟವೆಲು. ಅದನ್ನೇ ನೀವು ಪಕ್ಷಿ ಮಾಡಿಟ್ಟರೆ ಮೈ ಒರೆಸುವುದು ಯಾವುದರಲ್ಲಿ? ಮದುವೆಯಾದ ವಾರದಲ್ಲೇ ಹಂಸದ ಕುತ್ತಿಗೆ ಹಿಡಿದು ಬಿಡಿಸುವ ಪಾಪ ನನಗೇಕೆ? ಎರಡನೇ ಪುಟದಲ್ಲಿ ರೆಸಾರ್ಟಿನ ಹೆಸರಿತ್ತು. ಅದು ನಾವು ಕೇಳಿದ್ದಲ್ಲ, ನಿಮ್ಮ "ಟೈಅಪ್" ಇರುವ ಇನ್ಯಾವುದೋ. ಪಾರ್ಕಿಗೆ ಮುಕ್ಕಾಲು ಗಂಟೆಯ ದಾರಿ, ಟ್ರಾಫಿಕ್ ಇಲ್ಲದಿದ್ದರೆ ಎಂಬ ಷರತ್ತಿನ ಮೇಲೆ. ಬೆಂಗಳೂರು ಸೀಮೆಯಲ್ಲಿ ಟ್ರಾಫಿಕ್ ಇಲ್ಲದಿರುವ ಹೊತ್ತು ಯಾವುದು ಎಂದು ಪಿಡಿಎಫ್ ಹೇಳಿಲ್ಲ. ಪಾರ್ಕ್ ರೆಸಾರ್ಟ್ ಎಂದರೆ ಪಾರ್ಕಿನ ರೆಸಾರ್ಟ್ ಎಂದುಕೊಂಡಿದ್ದೆವು. ಪಾರ್ಕಿಗೆ ಹೋಗಲು ಕಾರು ಸಿಗುವ ರೆಸಾರ್ಟ್ ಎಂದು ತಾವು ತಿಳಿಸಿಕೊಟ್ಟಿರಿ.

ದಿನಾಂಕದ ರಗಳೆಯನ್ನು ಬೇಗ ಮುಗಿಸುತ್ತೇನೆ. ಮೊದಲು ನೀವು "ಮಾನ್ಸೂನ್ ಆಫರ್" ತೋರಿಸಿದಿರಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಅರ್ಧ ರೇಟು. ಅದು ಆಟಿ ತಿಂಗಳು ಸ್ವಾಮಿ. ಹೊಸ ಮದುಮಗಳು ತವರಿನಲ್ಲಿ ಆಟಿ ಕೂರುವ ತಿಂಗಳು. ಹೋಗಬೇಕಾದರೆ ಇವರು ಒಬ್ಬರೇ ಹೋಗಿ ಹಂಸಗಳ ಜೊತೆ ಮಲಗಬೇಕು. ಅದೂ ಇರಲಿ, 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಕಡಗರವಳ್ಳಿ ನಡುವೆ ಗುಡ್ಡ ಜರಿದು ಬೆಂಗಳೂರಿನ ರೈಲು ದಿನಗಟ್ಟಲೆ ನಿಂತದ್ದು, ಶಿರಾಡಿಯಲ್ಲಿ ಲಾರಿಗಳು ಸಾಲುಗಟ್ಟಿದ್ದು ಮಂಗಳೂರಿನ ಮಗುವಿಗೂ ಗೊತ್ತು. ಆಗ ಹೊರಟಿದ್ದರೆ ನಮ್ಮ ಹನಿಮೂನು ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ಬೆಂಚಿನ ಮೇಲೆ ಆಗುತ್ತಿತ್ತು.

ಮಳೆಗಾಲ ಬೇಡ ಎಂದರೆ ಅಬುಧಾಬಿ ಎಂದಿರಿ. ಯಾಸ್ ಐಲ್ಯಾಂಡ್, 2010ರಲ್ಲಿ ಶುರುವಾದ ಫೆರಾರಿ ವರ್ಲ್ಡ್, ಬಜ್ಪೆಯಿಂದ ನೇರ ವಿಮಾನ. ಒಳ್ಳೆಯ ಜಾಗವೇ. ಆದರೆ ಮಂಗಳೂರಿನ ಯಾವ ಜೋಡಿಗೆ ಅಬುಧಾಬಿಗೆ ಹೋಗಿ ಹೋಟೆಲಿನಲ್ಲಿ ಉಳಿಯಲು ಸಾಧ್ಯವಾಗಿದೆ ಹೇಳಿ. ಏರ್‌ಪೋರ್ಟಿನಲ್ಲೇ ಭಾವ ನಿಂತಿರುತ್ತಾರೆ. ಅವರ ಎರಡು ಕೋಣೆಯ ಫ್ಲಾಟಿನ ಹಾಲಿನಲ್ಲಿ, ಅಕ್ಕನ ಮಕ್ಕಳ ನಡುವೆ ಚಾಪೆ. ವಾಪಸು ಬರುವಾಗ ಊರಿಗೆ ಕೊಡಲು ಹತ್ತು ಕಿಲೋ ಹಾಲಿನಪುಡಿ.

ಅತ್ತೆಯವರ ಸಲಹೆ ಇನ್ನೂ ಒಳ್ಳೆಯದಿತ್ತು: ಪರಶ್ಶಿನಿಕಡವಿಗೆ ಹೋಗಿ, ಮುತ್ತಪ್ಪನ ದರ್ಶನವೂ ಆಯಿತು, ಅಲ್ಲೇ ಇರುವ ವಿಸ್ಮಯ ಪಾರ್ಕೂ ಆಯಿತು. ಯೋಚಿಸಿದರೆ ಆ ದೇವರಾದರೂ ನಿಮಗಿಂತ ವಾಸಿ. ಅವನಿಗೆ ಕಳ್ಳು ಮೀನಿನ ನೈವೇದ್ಯ, ಭಕ್ತರಿಗೆ ಬೇಯಿಸಿದ ಕಾಳು ಮತ್ತು ಚಾ. ತನಗೆ ಬೇಕಾದ್ದು ತನಗೆ, ಅವರಿಗೆ ಬೇಕಾದ್ದು ಅವರಿಗೆ. ಒಂದೇ ಛಾವಣಿಯ ಕೆಳಗೆ ಎರಡು ಮೆನು ನಡೆಯುತ್ತದೆ, ಯಾವ ಸಿಸ್ಟಮೂ ಕುಸಿದಿಲ್ಲ.

ಈಗ ಊಟಕ್ಕೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಅದಕ್ಕೆ, ಉಳಿದದ್ದೆಲ್ಲ ಹೊಟ್ಟೆ ಹಸಿದಿದ್ದರಿಂದ ಬಂದ ಮಾತು.

ಹೋಟೆಲಿನವರ ಭಾಷೆಯಲ್ಲಿ ಇಪಿ ಎಂದರೆ ಬರೀ ಕೋಣೆ. ಸಿಪಿ ಎಂದರೆ ಕೋಣೆ ಮತ್ತು ಬೆಳಗಿನ ತಿಂಡಿ. ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ. ಎಪಿ ಎಂದರೆ ಮೂರು ಹೊತ್ತೂ. ಇದನ್ನು ನೀವು ಹೇಳಿಕೊಟ್ಟದ್ದಲ್ಲ, ನಿಮ್ಮ ಸೋಫಾದಲ್ಲಿ ಕೂತು ಫೋನಿನಲ್ಲಿ ಹುಡುಕಿಕೊಂಡೆ, ಬಿಡುವಿತ್ತಲ್ಲ. ನಮಗೆ ಎಂಎಪಿ ಹಾಕಿದ್ದೀರಿ. ತಿಂಡಿ ಕಾಂಟಿನೆಂಟಲ್. ಬಿಡದಿಯಲ್ಲಿ, ತಟ್ಟೆ ಇಡ್ಲಿಗಾಗಿ ಮೈಸೂರು ರಸ್ತೆಯ ಕಾರುಗಳು ತಿರುಗಿ ನಿಲ್ಲುವ ಬಿಡದಿಯಲ್ಲಿ, ಸಣ್ಣ ತಟ್ಟೆಯಷ್ಟು ಅಗಲದ ಇಡ್ಲಿಯ ಮೇಲೆ ಬೆಣ್ಣೆ ಕರಗುವ ಊರಿನಲ್ಲಿ ನಮಗೆ ತಣ್ಣಗಿನ ಬ್ರೆಡ್ಡು, ಜಾಮು, ಕಾರ್ನ್‌ಫ್ಲೇಕ್ಸು. ಮಧ್ಯಾಹ್ನದ ಊಟ ಪಾರ್ಕಿನೊಳಗೆ, ನಮ್ಮ ದುಡ್ಡಿನಲ್ಲಿ. ಹೊರಗಿನ ತಿಂಡಿ ಇಂಥ ಪಾರ್ಕುಗಳ ಒಳಗೆ ಬಿಡುವುದಿಲ್ಲ, ಹಾಗಾಗಿ ಅತ್ತೆ ಕಟ್ಟಿಕೊಡುವ ಬನ್ಸಿಗೂ ಗೇಟಿನಲ್ಲೇ ವಿದಾಯ. ಅದಕ್ಕೆ ನನ್ನ ತಕರಾರಿಲ್ಲ. ಒಳಗೆ ಹೋಟೆಲುಗಳಿವೆ, ಬೇಕಾದ್ದು ತಿನ್ನಬಹುದು. ಇಡೀ ಪ್ರವಾಸದಲ್ಲಿ ನಾವೇ ಆರಿಸಿ ತಿನ್ನುವ ಒಂದು ಊಟ ಅದು, ಪ್ಯಾಕೇಜಿನಲ್ಲಿ ಇಲ್ಲದ್ದೂ ಅದೇ.

ರಾತ್ರಿಗೆ ಕ್ಯಾಂಡಲ್ ಲೈಟ್ ಡಿನ್ನರ್. ಟೊಮೆಟೊ ಸೂಪು, ಬಟರ್ ನಾನ್, ಜೀರಾ ರೈಸು, ಬಟರ್ ಚಿಕನ್ ಅಥವಾ ಪನೀರ್ ಬಟರ್ ಮಸಾಲ, ಹೃದಯದ ಆಕಾರದ ಬಟ್ಟಲಿನಲ್ಲಿ ಗುಲಾಬ್ ಜಾಮೂನು, ಅರ್ಧ ಕಿಲೋ ಕೇಕು. ಮೊದಲ ರಾತ್ರಿಗೇ ಫಿಕ್ಸ್, ಏಳೂವರೆಗೆ ಕೂರಬೇಕು, ಒಂಬತ್ತಕ್ಕೆ ಏಳಬೇಕು. ಇದು "ಕಾಂಪ್ಲಿಮೆಂಟರಿ" ಅಂತೆ. ಹಾಗಾದರೆ ಎಂಎಪಿಯ ಆ ರಾತ್ರಿಯ ಊಟ ಎಲ್ಲಿ ಹೋಯಿತು ಎಂದು ಕೇಳಿದೆ. "ಅದರ ಬದಲಿಗೆ ಇದು ಮೇಡಂ" ಎಂದ ನಿಮ್ಮ ಹುಡುಗ. ನಾವು ದುಡ್ಡು ಕೊಟ್ಟ ಊಟವನ್ನು ತೆಗೆದು, ಅದೇ ಹೊತ್ತಿಗೆ ಇನ್ನೊಂದು ಊಟ ಇಟ್ಟು, ಮೇಣದಬತ್ತಿ ಹಚ್ಚಿ ಉಚಿತ ಎನ್ನುತ್ತೀರಿ. ಈ ಲೆಕ್ಕದಲ್ಲಿ ಹಂಸಗಳೂ ನಮ್ಮ ಟವೆಲುಗಳೇ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ವಾರದ ನಡುವೆ ರೇಟು ಕಮ್ಮಿ ಎಂದು ನೀವು ಹಾಕಿಕೊಟ್ಟ ಮೊದಲ ರಾತ್ರಿ ಸೋಮವಾರ.

ಇವರು ಸೋಮವಾರ ಮೀನು ಮಾಂಸ ಮುಟ್ಟುವುದಿಲ್ಲ. ಚಿಕ್ಕಂದಿನಿಂದ ಕದ್ರಿ ಮಂಜುನಾಥನಿಗೆ ನಡೆದುಕೊಂಡು ಬಂದ ಮನೆ. ನನಗೆ ಆ ನೇಮವಿಲ್ಲ, ನನ್ನ ತವರಿನಲ್ಲಿ ದಿನವೂ ಮೀನು. ಹೀಗಾಗಿ ಫಾರ್ಮಿನಲ್ಲಿ ಒಬ್ಬರಿಗೆ ವೆಜ್, ಒಬ್ಬರಿಗೆ ನಾನ್‌ವೆಜ್ ಎಂದು ಹಾಕಿ ಎಂದೆ. ಜೋಡಿಗೆ ಒಂದೇ ಟಿಕ್ ಅಂತೆ. ಗಂಡ ಹೆಂಡತಿ ಇನ್ನು ಒಂದೇ ಎಂದು ಧಾರೆಯ ಹೊತ್ತಿನಲ್ಲಿ ಭಟ್ಟರು ಹೇಳಿದ್ದನ್ನು ನೀವು ಸಾಫ್ಟ್‌ವೇರಿಗೇ ಹಾಕಿಬಿಟ್ಟಿದ್ದೀರಿ. ಸರಿ, ಡಿನ್ನರನ್ನು ಮಂಗಳವಾರಕ್ಕೆ ಹಾಕಿ, ಅವತ್ತು ಇಬ್ಬರೂ ಚಿಕನ್ ತಿನ್ನುತ್ತೇವೆ ಎಂದೆ. ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಸೋಮವಾರಕ್ಕೆ ಮಾತ್ರ ವೆಜ್ ಮಾಡಿ. ಟಿಕ್ ಇಡೀ ಪ್ಯಾಕೇಜಿಗೆ, ವೆಜ್ ಎಂದರೆ ಕೊನೆಯವರೆಗೂ ಪನೀರ್. ಅಂದರೆ ಇವರು ಹನಿಮೂನಿನ ಮೊದಲ ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಬರೀ ನಾನ್ ಮತ್ತು ಕೇಕು ತಿಂದು ಮಲಗಬೇಕು. ಇಲ್ಲವೇ ನಾನು ಊರು ಬಿಟ್ಟು ಊರಿಗೆ ಹೋಗಿ ಹೊತ್ತುಹೊತ್ತಿಗೂ ಪನೀರ್ ತಿನ್ನಬೇಕು.

ಆಗ ತಾವು ಬಂದು ಕೇಳಿದಿರಿ: "ಸೋಮವಾರ ಎಂತ ಮೇಡಂ ಪ್ರಾಬ್ಲಂ?"

ಮಾರಾಯ್ರೆ, ದೆಹಲಿಯವನು ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನೀವು ಮಂಗಳೂರಿನಲ್ಲಿ ಹುಟ್ಟಿದವರು. ಸೋಮವಾರ ಇಲ್ಲಿನ ಮೀನು ಹೋಟೆಲಿನಲ್ಲಿ ಕಾಯದೆ ಟೇಬಲ್ ಸಿಗುವುದು ಏಕೆಂದು ನಿಮಗೆ ಗೊತ್ತಿಲ್ಲವೇ? ನಿಮ್ಮ ಮನೆಯಲ್ಲಿ ಸೋಮವಾರ ಬಂಗುಡೆ ಹುರಿಯುತ್ತಾರೆಯೇ? ನಿಮ್ಮ ಹಣೆಯ ಮೇಲೆ ಕುಂಕುಮವಿತ್ತು, ಮೇಜಿನ ಮೇಲೆ ಮಂಜುನಾಥನ ಫೋಟೋ ಇತ್ತು, ಅದಕ್ಕೆ ಹೂವೂ ಇತ್ತು. ಆ ಫೋಟೋದ ಎದುರು ನಿಂತು ಸೋಮವಾರ ಎಂದರೆ ಎಂತ ಎಂದು ಕೇಳುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ? ನನಗೆ ಹಾಸ್ಯ ಮಾಡುವ ಮನಸ್ಸಿಲ್ಲ ಈಗ. ಅಡ್ವಾನ್ಸ್ ಎಣಿಸಿಕೊಳ್ಳುವಾಗ ಒಂದು ನೋಟು ಹರಿದಿದೆ ಎಂದು ಕಂಡುಹಿಡಿದ ಕಣ್ಣು, ಇಬ್ಬರು ಮನುಷ್ಯರು ಏನು ತಿನ್ನುತ್ತಾರೆ ಎಂದು ಕೇಳಲಿಲ್ಲ. ನನ್ನ ಹೆಸರೂ ನಿಮಗೆ ಬೇಕಾಗಿರಲಿಲ್ಲ, ಪಿಡಿಎಫ್‌ನಲ್ಲಿ ನಾನು "ಗೆಸ್ಟ್ 2".

ಬೇರೆ ಕಡೆ ಹೇಗೆ ನೋಡಿ. ಅಮೆರಿಕದ ಒರ್ಲಾಂಡೊ ಬಳಿ 1971ರಿಂದ ಡಿಸ್ನಿಯವರ ಊರೇ ಇದೆ. ಅಲ್ಲಿಗೆ ಹನಿಮೂನಿಗೆ ಹೋಗುವುದು ಅಮೆರಿಕದವರಿಗೆ ಮಾಮೂಲು. ಹೊಸ ಜೋಡಿಗೆ ಎದೆಗೆ ಚುಚ್ಚಿಕೊಳ್ಳಲು ಒಂದು ಬಿಲ್ಲೆ ಪುಕ್ಕಟೆ ಕೊಡುತ್ತಾರೆ, ಗಲಾಟೆ ಮುಗಿಯಿತು. ಊಟದ ಟೇಬಲ್ 60 ದಿನ ಮುಂಚೆಯೇ ಕಾದಿರಿಸಬಹುದು, ಅದೂ ದೊಡ್ಡ ತಲೆನೋವೇ. ಆದರೆ ಸಿಂಡ್ರೆಲಾಳ ಕೋಟೆಯಲ್ಲಿ ಉಣ್ಣಬೇಕೋ ಬೇರೆಲ್ಲೋ ಎಂದು ಆರಿಸುವುದು ಉಣ್ಣುವವರು.

ದಿನವಿಡೀ ನೀರಿನಲ್ಲಿ ಆಡಿದವರಿಗೆ ಎಂತ ಹಸಿವಾಗುತ್ತದೆ ಎಂದು ನಿಮಗೆ ಗೊತ್ತುಂಟಾ? ಕ್ಲೋರಿನ್ನಿಗೆ ಕಣ್ಣು ಕೆಂಪಾಗಿರುತ್ತದೆ, ಬೆರಳ ತುದಿ ಸುಕ್ಕುಗಟ್ಟಿರುತ್ತದೆ, ಬಾಡಿಗೆಯ ನೈಲಾನ್ ಉಡುಪು ಸೊಂಟದಲ್ಲಿ ಕೆರೆದಿರುತ್ತದೆ. ಆಗ ಬೇಕಾಗುವುದು ಗೋಳಿಬಜೆ, ಚಾ. ಆಮೇಲೆ ಬಿಸಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ನನ್ನ ಪಾಲಿಗೆ ಒಂದಿಷ್ಟು ಒಣಮೀನಿನ ಚಟ್ನಿ. ಬೆಂಗಳೂರಿನ ಬದಿಯಲ್ಲಿ ಇದು ಸಿಗುವುದಿಲ್ಲವೆಂದು ನನಗೆ ಗೊತ್ತು, ಕೇಳಿಯೂ ಇಲ್ಲ. ಅನ್ನ ಸಾರು ಕೊಡಿ, ಬಿಡದಿಯ ತಟ್ಟೆ ಇಡ್ಲಿ ಕೊಡಿ, ಸುಮ್ಮನೆ ಮಲಗಲು ಬಿಡಿ. ತೂಕಡಿಸುವವರನ್ನು ಎಬ್ಬಿಸಿ ರೇಷ್ಮೆ ಸೀರೆ ಉಡಿಸಿ, ಸೊಳ್ಳೆ ಕಚ್ಚುವ ಈಜುಕೊಳದ ಬದಿಯಲ್ಲಿ ಕೂರಿಸಿ, ಕತ್ತಲಲ್ಲಿ ತಟ್ಟೆಯಲ್ಲಿರುವುದು ಚಿಕನ್ನೋ ಪನೀರೋ ಕಾಣದ ಹಾಗೆ ಮಾಡುವುದಕ್ಕೆ ದುಡ್ಡು ಕೇಳಬೇಡಿ. ನಮ್ಮ ಕಡೆ ಕರೆಂಟು ಹೋದಾಗ ಇದೇ ಊಟ ಪುಕ್ಕಟೆ ಆಗುತ್ತದೆ.

ಈಗ ನನ್ನ ಬೇಡಿಕೆ. ಹಂಸ ಬೇಡ, ಎಸಳು ಬೇಡ, ಕೇಕು ಬೇಡ, ಮೇಣದಬತ್ತಿ ಬೇಡ. ಅಡ್ವಾನ್ಸ್ ವಾಪಸು ಕೊಡಿ. ಪಾರ್ಕಿನ ಟಿಕೆಟು, ಕೋಣೆ, ಕೆಎಸ್ಸಾರ್ಟಿಸಿ ಬಸ್ಸು, ಮೂರನ್ನೂ ನಾವೇ ಬುಕ್ ಮಾಡುತ್ತೇವೆ, ಇಪಿ ರೇಟಿನಲ್ಲಿ. ಅಡ್ವಾನ್ಸ್ ನಾನ್‌ರಿಫಂಡೆಬಲ್ ಎಂದು ಪಿಡಿಎಫ್‌ನ ಕೊನೆಯ ಪುಟದಲ್ಲಿ ಇರುವೆ ಸಾಲಿನ ಅಕ್ಷರದಲ್ಲಿ ಬರೆದಿರುವುದನ್ನು ನೋಡಿದ್ದೇನೆ. ಓದಲೂ ನಿಮ್ಮ ಸೋಫಾದಲ್ಲಿ ಸಮಯವಿತ್ತು.

ಕೊಡದಿದ್ದರೆ ಬರುವ ಸೋಮವಾರ ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ನಿಮ್ಮ ಆಫೀಸಿಗೆ ಬರುತ್ತೇನೆ. ಅಮ್ಮನ ಕೈಯ ಕೋರಿ ಸುಕ್ಕ ತರುತ್ತೇನೆ, ಒಂದು ಕಿಲೋ. ಮೇಜಿನ ಮೇಲೆ ಮಂಜುನಾಥನ ಫೋಟೋದ ಎದುರೇ ಡಬ್ಬಿ ಬಿಚ್ಚಿಡುತ್ತೇನೆ, ತಿಂದು ತೋರಿಸಿ. ಚೇಂಜ್ ಮಾಡ್ಲಿಕ್ಕೆ ಆಗುದಿಲ್ಲ.

ಇತಿ,
ಗೆಸ್ಟ್ 2