ಪ್ರಮೋಷನ್‌ಮಾರ್ಗಂ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಪಗಾರ ಎಣಿಸುವ ಸಾಫ್ಟ್‌ವೇರ್ ತರುಣರು ಈಚೆಗೆ ತಾಂತ್ರಿಕ ಪತ್ರಿಕೆಗಳಿಗೆ ಲೇಖನ ಬರೆಯತೊಡಗಿದ್ದಾರೆ. ಏಕೆ ಬರೆಯುತ್ತಾರೆ, ಬರೆದದ್ದನ್ನು ಯಾರು ಓದುತ್ತಾರೆ, ಯಾರೂ ಓದದಿದ್ದರೂ ಹುದ್ದೆ ಹೇಗೆ ಏರುತ್ತದೆ ಎಂಬುದನ್ನು ಶಾಸ್ತ್ರೋಕ್ತವಾಗಿ ವಿಚಾರಿಸುವುದು ಈ ಪ್ರಬಂಧದ ಉದ್ದೇಶ. ವಿಷಯ ಗಹನವಾದ್ದರಿಂದ ಮೊದಲು ಅನುಬಂಧ ಚತುಷ್ಟಯವನ್ನು ಹೇಳಿಬಿಡುವುದು ಲೇಸು. ಅಧಿಕಾರಿ ಯಾರೆಂದರೆ, ಸೀನಿಯರ್ ಎಂಬ ಪದವಿಯಲ್ಲೇ ವರ್ಷಗಟ್ಟಲೆ ಕೂತು ಲೀಡ್ ಆಗದೆ ಉಳಿದವನು. ವಿಷಯ, ಅವನಿಗೆ ಗೊತ್ತಿರುವುದು ಏನಾದರೂ ಸರಿ. ಸಂಬಂಧ, ಮ್ಯಾನೇಜರನ ಕಣ್ಣಿಗೆ ಬೀಳುವುದು. ಪ್ರಯೋಜನ, ಪಗಾರದಲ್ಲಿ ಏರಿಕೆ. ಮೋಕ್ಷವು ಅಮೆರಿಕದ ವಲಸೆ ಇಲಾಖೆಯ ಕೈಯಲ್ಲಿರುವುದರಿಂದ ಅದನ್ನು ಕೊನೆಗೆ ಬೇರೆಯಾಗಿ ನೋಡೋಣ.

ಪೂರ್ವಪಕ್ಷವನ್ನು ಮಂಡಿಸಿದವರು ಜೇವರ್ಗಿ ತಾಲೂಕಿನ ಒಬ್ಬ ತಾಯಿ. ಎಳ್ಳ ಅಮಾಸಿಗೆ ಊರಿಗೆ ಬಂದ ಮಗ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು, ಪಡಸಾಲೆಯಲ್ಲಿ ಅಡ್ಡಾಗಿ, ಪ್ರಕಟವಾದ ತನ್ನ ಲೇಖನವನ್ನು ಮೊಬೈಲಿನಲ್ಲಿ ಅವರಿಗೆ ತೋರಿಸಿದ. ಅಲ್ಲಿ ನಡೆದ ವಾದ ಇಂತಿದೆ:

“ಇದ್ರಾಗ ನಿನ್ನ ಹೆಸರು ಎಲ್ಲದ ತಮ್ಮಾ?”

“ಇಲ್ಲಿ ನೋಡವ್ವಾ, ತೆಳಗ ಅದ.”

“ರೊಕ್ಕ ಎಷ್ಟ್ ಕೊಟ್ರು?”

“ರೊಕ್ಕ ಕೊಡಂಗಿಲ್ಲವ್ವಾ.”

“ಮತ್ತ್ಯಾಕ ಬರದಿ?”

“ಹೆಸರಾಗ್ತದ.”

“ಹೆಸರು ನಾವೇ ಇಟ್ಟೀವಲ್ಲೋ ಯಪ್ಪಾ.”

ನ್ಯಾಯಶಾಸ್ತ್ರದಲ್ಲಿ ಇಷ್ಟು ಗಟ್ಟಿ ಪೂರ್ವಪಕ್ಷ ವಿರಳ. ಇದನ್ನು ಖಂಡಿಸಲು ಪ್ರಬಂಧಕಾರನಿಗೆ ಒಂಬತ್ತನೆಯ ಶತಮಾನಕ್ಕೆ ಓಡಿಹೋಗುವುದಲ್ಲದೆ ಬೇರೆ ದಾರಿ ಕಾಣಲಿಲ್ಲ.

ಓಡಿಹೋದರೆ ಸಿಗುವುದು ಕಾಗಿಣಾ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ. ಅದು ಸೇಡಂ ತಾಲೂಕಿನಲ್ಲಿದೆ, ನಿಮ್ಮ ಮೂರು ತಾಲೂಕಿಗೂ ಅದಕ್ಕೂ ಏನು ಸಂಬಂಧ ಎಂದು ಸೇಡಂನವರು ತಕರಾರು ತೆಗೆಯಬಹುದು. 850ರ ಸುಮಾರಿಗೆ ತಹಸೀಲ್ದಾರ ಕಚೇರಿ ಇರಲಿಲ್ಲವಾದ್ದರಿಂದ ತಕರಾರು ವಜಾ. ರಾಷ್ಟ್ರಕೂಟ ಅಮೋಘವರ್ಷನ ಆ ರಾಜಧಾನಿಯಲ್ಲಿ ತಾಂತ್ರಿಕ ಲೇಖಕರು ಕಿಕ್ಕಿರಿದಿದ್ದರು. ಶಾಕಟಾಯನನನ್ನೇ ನೋಡಿ. ತಾನೇ ಒಂದು ಸಂಸ್ಕೃತ ವ್ಯಾಕರಣ ಬರೆದ. ಅದಕ್ಕೆ ತಾನೇ ವ್ಯಾಖ್ಯಾನವನ್ನೂ ಬರೆದ, ಅಂದರೆ ಸ್ವಂತ ಕೋಡಿಗೆ ಸ್ವಂತ ಡಾಕ್ಯುಮೆಂಟೇಶನ್. ಆ ಡಾಕ್ಯುಮೆಂಟೇಶನ್ನಿಗೆ ಇಟ್ಟ ಹೆಸರು ‘ಅಮೋಘವೃತ್ತಿ’. ಇಂದಿನ ಇಂಜಿನಿಯರು ಎಷ್ಟೇ ಭಂಡನಾಗಿರಲಿ, ತನ್ನ ಲೇಖನಕ್ಕೆ ಡೆಲಿವರಿ ಮ್ಯಾನೇಜರನ ಹೆಸರಿಡುವಷ್ಟು ಧೈರ್ಯ ಅವನಿಗೆ ಬಂದಿಲ್ಲ. ಸಾವಿರದ ಇನ್ನೂರು ವರ್ಷಗಳಲ್ಲಿ ನಾವು ಮುಂದುವರಿದಿದ್ದೇವೆಯೋ ಹಿಂದುಳಿದಿದ್ದೇವೆಯೋ, ವಿದ್ವಾಂಸರು ನಿರ್ಣಯಿಸಲಿ.

ಅದೇ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಆರಂಭದಲ್ಲಿ ಅರಸನನ್ನು ಹೊಗಳುತ್ತದೆ. ಆದರೆ ಹೊಗಳಿಕೆ ಮುಗಿದ ಮೇಲೆ ಒಂಬತ್ತು ಅಧ್ಯಾಯ ಲೆಕ್ಕವಿದೆ: ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ಅಗೆತದ ಅಳತೆ, ನೆರಳಿನ ಅಳತೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಕರಾರುವಾಕ್ಕಾಗಿ ಹೇಳಿದ ಈತನೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದಂತೆಯೇ ಇರುತ್ತದೆ ಎಂದೂ ಬರೆದ. ಇದು ಬಗ್. ಮುನ್ನೂರು ವರ್ಷ ಕಳೆದು ಭಾಸ್ಕರಾಚಾರ್ಯ ಬಂದು ಅದನ್ನು ಅನಂತವೆಂದು ತಿದ್ದಬೇಕಾಯಿತು. ಕೋಡ್ ರಿವ್ಯೂಗೆ ಎರಡು ದಿನ ತಡವಾದರೆ ಮುಖ ಊದಿಸಿಕೊಳ್ಳುವ ತರುಣರು ಇದನ್ನು ನೆನಪಿನಲ್ಲಿಡತಕ್ಕದ್ದು. ತನ್ನ ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರಿನ ಚೆಕ್ಕು ಬರೆದುಕೊಡುತ್ತಿದ್ದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಮಾನ್ಯಖೇಟದಲ್ಲಿದ್ದಿದ್ದರೆ ಮೊದಲ ಚೆಕ್ಕು ಭಾಸ್ಕರನಿಗೇ ಹೋಗುತ್ತಿತ್ತು.

ಇನ್ನು ‘ಕವಿರಾಜಮಾರ್ಗ’. ಕನ್ನಡದಲ್ಲಿ ನಮಗೆ ದಕ್ಕಿರುವ ಮೊದಲ ಗ್ರಂಥವೇ ಒಂದು ಸ್ಟೈಲ್ ಗೈಡ್ ಎಂಬ ಸಂಗತಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಂತಿಲ್ಲ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ವಿಷಯವೇ ದೋಷವಿಚಾರ. ಕೋಡು ಹುಟ್ಟುವ ಮೊದಲೇ ರಿವ್ಯೂವರ್ ಹುಟ್ಟಿದ್ದಾನೆ. ಈ ನಾಡಿನವರು ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂಬರ್ಥದ ಪ್ರಶಂಸೆಯೂ ಅಲ್ಲಿದೆ. ತಾವು ಬರೆಯುವ ವಿಷಯದ ಮೇಲೆ ಬಂದ ಮತ್ತೊಂದೂ ಲೇಖನವನ್ನು ಓದದೆ ಸಲೀಸಾಗಿ ಬರೆಯುವ ನಮ್ಮ ತರುಣರಿಗೆ ಇದಕ್ಕಿಂತ ಪ್ರಾಚೀನ ಆಧಾರ ಬೇಕಿಲ್ಲ.

ಶಹಾಬಾದ್ ಸಮೀಪದ ಮರತೂರಿಗೆ ಸೇರಿದವನೆನ್ನಲಾದ ವಿಜ್ಞಾನೇಶ್ವರನ ಪ್ರಕರಣ ಎಲ್ಲಕ್ಕಿಂತ ಬೋಧಪ್ರದ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬೇರೆಯವರ ಕೋಡಿಗೆ ಬರೆದ ಕಾಮೆಂಟು ಮೂಲ ಕೋಡಿಗಿಂತ ಹೆಚ್ಚು ಓಡಿತು. ಬಂಗಾಳ, ಅಸ್ಸಾಂ ಬಿಟ್ಟು ಭಾರತದ ಬಹುಭಾಗದಲ್ಲಿ ಆಸ್ತಿ ಪಾಲಿನ ವ್ಯಾಜ್ಯಗಳು ಶತಮಾನಗಟ್ಟಲೆ ಅದರ ಮೇಲೆಯೇ ತೀರ್ಮಾನವಾದವು. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಅಷ್ಟೆಲ್ಲ ಕೆಲಸ ಮುಗಿಸಿದ ಮೇಲೆ, ಕಟ್ಟಕಡೆಗೆ, ಕಲ್ಯಾಣದಂಥ ಪುರವಾಗಲಿ ವಿಕ್ರಮನಂಥ ಅರಸನಾಗಲಿ ವಿಜ್ಞಾನೇಶ್ವರನಂಥ ಪಂಡಿತನಾಗಲಿ ಈ ಭೂಮಿಯ ಮೇಲೆ ಇಲ್ಲ ಎಂಬರ್ಥದ ಒಂದು ಶ್ಲೋಕವಿದೆ. ಊರು, ಒಡೆಯ, ತಾನು, ಮೂವರೂ ಒಂದೇ ಉಸಿರಿನಲ್ಲಿ. ಲೇಖಕರ ಪರಿಚಯ ಎಂಬ ಸಾಹಿತ್ಯಪ್ರಕಾರದಲ್ಲಿ ಇದನ್ನು ಮೀರಿಸಿದ ಕೃತಿ ಈವರೆಗೆ ಬಂದಿಲ್ಲ.

ಈ ಸಾಮಗ್ರಿಯಿಂದ ಪ್ರಬಂಧಕಾರನು ಒಂದು ಪ್ರಮಾಣಸೂತ್ರವನ್ನು ಹೊರಡಿಸುತ್ತಾನೆ. ಹಿಂದಿನವರು ಪ್ರಶಸ್ತಿಗೆ ಒಂದೆರಡು ಪದ್ಯ ಕೊಟ್ಟು ಉಳಿದ ಗ್ರಂಥವನ್ನು ಕೆಲಸಕ್ಕೆ ಕೊಟ್ಟರು. ಈಗ ಎರಡೂ ಇವೆ, ಪ್ರಮಾಣ ಮಾತ್ರ ಅದಲುಬದಲು. ಕೈಗೆ ಸಿಕ್ಕ ಯಾವುದೇ ಲೇಖನವನ್ನು ಬಿಡಿಸಿ ನೋಡಿ. ಮೊದಲ ಪ್ಯಾರಾದಲ್ಲಿ ಇಂದಿನ ಡಿಜಿಟಲ್ ಯುಗ ವೇಗವಾಗಿ ಬದಲಾಗುತ್ತಿರುತ್ತದೆ. ಎರಡನೆಯದರಲ್ಲಿ ಕಂಪನಿಗಳು ಈ ಸವಾಲನ್ನು ಎದುರಿಸಲು ಸಜ್ಜಾಗುತ್ತಿರುತ್ತವೆ. ಮೂರನೆಯದರಲ್ಲಿ ಈ ಲೇಖನದಲ್ಲಿ ಏನೇನು ನೋಡಲಿದ್ದೇವೆ ಎಂದಿರುತ್ತದೆ. ಆಮೇಲೆ ಬಾಣದ ಗುರುತುಗಳಿಂದ ಜೋಡಿಸಿದ ಚೌಕಗಳ ಒಂದು ಚಿತ್ರ, ಅದರ ಮೂಲೆಯಲ್ಲಿ ಮೋಡ. ಅದರ ಕೆಳಗೆ ನಾಲ್ಕು ಸಾಲು ಕೋಡು, ಓಡಿಸಿದರೆ ‘ಹಲೋ ವರ್ಲ್ಡ್’ ಎನ್ನುತ್ತದೆ. ಕೊನೆಗೆ ಏನೇನು ನೋಡಿದೆವು ಎಂಬ ಪಟ್ಟಿ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ರಚನೆಗೆ ಲೇಖಕನ ಅವಶ್ಯಕತೆಯೂ ಉಳಿದಿಲ್ಲ. ಆದರೆ ಕೆಳಗಿನ ಹೆಸರಿಗೆ ಮನುಷ್ಯನೇ ಬೇಕು, ಏಕೆಂದರೆ ಪ್ರಮೋಷನ್ ತಗೊಳ್ಳುವವನು ಅವನು.

ಕವಿರಾಜಮಾರ್ಗಕಾರನು ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡು ಹೇಳಿದನು. ಭೀಮಾತೀರದಲ್ಲಿ ನಮಗೆ ಮೂರು ಕಾಣುತ್ತವೆ.

ಆಳಂದ ಮಾರ್ಗದ ಲಕ್ಷಣವೆಂದರೆ ಮನೆಯಲ್ಲಿ ಒಂದು ಭಾಷೆ, ಬರಹದಲ್ಲಿ ಮತ್ತೊಂದು. ಇದು ಸಾಫ್ಟ್‌ವೇರಿನವರು ಶುರುಮಾಡಿದ್ದಲ್ಲ. ದೇವಲಗಾಣಗಾಪುರದ ನರಸಿಂಹ ಸರಸ್ವತಿಯವರ ಚರಿತ್ರೆಯಾದ ‘ಗುರುಚರಿತ್ರೆ’ಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರರು ಆಳಂದ ತಾಲೂಕಿನ ಕಡಗಂಚಿಯ ಸಾಯಂದೇವರ ವಂಶದವರು, ಕನ್ನಡ ಮನೆಮಾತಿನವರು. ತಮಗೆ ಮಹಾರಾಷ್ಟ್ರದ ಭಾಷೆ ಬಾರದು ಎಂದು ಅವರೇ ವಿನಯದಿಂದ ಹೇಳಿಕೊಂಡಿದ್ದಾರೆ. ಬಾರದ ಭಾಷೆಯಲ್ಲಿ ಬರೆದದ್ದನ್ನು ಆ ಭಾಷೆಯವರು ಇಂದಿಗೂ ಮಡಿಯುಟ್ಟು ಪಾರಾಯಣ ಮಾಡುತ್ತಾರೆ. ಅದೇ ಕಡಗಂಚಿಯಲ್ಲಿ ಈಗ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಆಳಂದದ ತರುಣರು ಇಂಗ್ಲಿಷಿನಲ್ಲಿ ಬರೆಯುವಾಗ ಈ ಪರಂಪರೆಯನ್ನು ನೆನೆಯುವುದಿಲ್ಲ, ಗ್ರಾಮರ್ಲಿಯನ್ನು ನೆನೆಯುತ್ತಾರೆ. ಪಾರಾಯಣದ ಫಲ ಇನ್ನೂ ಸಿಕ್ಕಿಲ್ಲ.

ಅಫಜಲಪುರ ಮಾರ್ಗ ಭೀಮೆಯದು. ವರ್ಷದ ಬಹುಭಾಗ ಹೊಳೆಯ ತಳ ಕಾಣುತ್ತದೆ, ಸೊನ್ನ ಬ್ಯಾರೇಜಿನಲ್ಲಿ ನಿಂತಷ್ಟೇ ನೀರು. ಮೇಲೆ ಮಹಾರಾಷ್ಟ್ರದ ಉಜನಿಯಿಂದ ಬಿಟ್ಟರೆ ಊರೊಳಗೇ ಬರುತ್ತದೆ, 2020ರ ಅಕ್ಟೋಬರಿನಲ್ಲಿ ಬಂದಂತೆ. ಈ ಮಾರ್ಗದ ಲೇಖಕ ಹನ್ನೊಂದು ತಿಂಗಳು ಒಂದಕ್ಷರ ಬರೆಯುವುದಿಲ್ಲ. ಅಪ್ರೈಸಲ್ ಫಾರಂ ತುಂಬುವ ತಿಂಗಳು ಬಂತೆಂದರೆ ಸಂಪಾದಕರು ತಗ್ಗಿನ ಮನೆ ಖಾಲಿ ಮಾಡಬೇಕಾಗುತ್ತದೆ.

ಜೇವರ್ಗಿ ಮಾರ್ಗವೆಂದರೆ ಹೆದ್ದಾರಿ. ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ ಮೊಬೈಲ್ ಹಿಡಿದು ಬರೆಯುವುದು. ವಾಕ್ಯಗಳು ರಸ್ತೆಯುಬ್ಬಿಗೊಮ್ಮೆ ತುಂಡಾಗಿರುತ್ತವೆ. ಹೆಚ್ಚು ಹೇಳುವಂಥದ್ದಿಲ್ಲ.

ದೋಷವಿಚಾರ. ಹಳೆಯ ಲಾಕ್ಷಣಿಕರು ಅರಿಯದ ಒಂದು ದೋಷ ಇಲ್ಲಿದೆ. ಅದನ್ನು ಲೀಗಲ್‌ದೋಷವೆಂದು ಕರೆಯಬೇಕು. ಇಂಜಿನಿಯರು ನಿಜಕ್ಕೂ ಒಂದು ತೊಡಕಿನಲ್ಲಿ ಸಿಕ್ಕಿ, ರಾತ್ರಿ ಮೂರರವರೆಗೆ ಕೂತು ಬಿಡಿಸಿ, ಆ ಕಥೆಯನ್ನು ಬರೆಯುತ್ತಾನೆನ್ನಿ. ಪ್ರಕಟಿಸುವ ಮೊದಲು ಅದು ಕಂಪನಿಯ ಕಾನೂನು ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಗಿರಾಕಿಯ ಹೆಸರು ಹೋಗುತ್ತದೆ, ‘ಒಂದು ಪ್ರಮುಖ ಬ್ಯಾಂಕು’ ಬರುತ್ತದೆ. ಬ್ಯಾಂಕು ಎಂದರೂ ಗುರುತು ಸಿಗಬಹುದೆಂದು ‘ಒಂದು ಪ್ರಮುಖ ಸಂಸ್ಥೆ’ ಆಗುತ್ತದೆ. ಎಷ್ಟು ಹೊತ್ತು ಸರ್ವರ್ ಬಿದ್ದಿತ್ತು ಎಂಬ ಸಾಲು ಹೋಗುತ್ತದೆ. ಸರ್ವರ್ ಬಿದ್ದಿತ್ತು ಎಂಬುದೇ ಹೋಗುತ್ತದೆ. ಕೊನೆಗೆ ಉಳಿಯುವುದು ಏನೂ ಆಗದ ಒಂದು ಊರಿನಲ್ಲಿ ಯಾರೋ ಏನನ್ನೋ ಸುಧಾರಿಸಿದರು ಎಂಬ ವೃತ್ತಾಂತ. ಅದಕ್ಕೇ ಬಹುಮಾನ ಬರುತ್ತದೆ.

ಲೇಖನದ ಬುಡದಲ್ಲಿ ಲೇಖಕರ ಪರಿಚಯವಿರುತ್ತದೆ. ಇದನ್ನು ಶಾಸನವಾಗಿ ಓದಬೇಕು. ತಾನೇ ಬರೆದರೂ ಪ್ರಥಮ ಪುರುಷದಲ್ಲಿ, ‘ಅವರು’ ಎಂದೇ ಬರೆದುಕೊಂಡಿರುತ್ತಾನೆ. ಅವರು ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್‌ನಲ್ಲಿ ಆಸಕ್ತರು, ಬೆಂಗಳೂರಿನಲ್ಲಿ ನೆಲೆಸಿದ್ದಾರೆ, ಬಿಡುವಿನಲ್ಲಿ ಟ್ರೆಕ್ಕಿಂಗ್ ಹೋಗುತ್ತಾರೆ. ತೊಗರಿ ಹೊಲದ ಬದುವಿನಲ್ಲಿ ಬೆಳೆದವನಿಗೆ ಬೆಟ್ಟ ಹತ್ತುವ ಹುಚ್ಚು ಎಲ್ಲಿಂದ ಹತ್ತಿತೋ! ವಿಜ್ಞಾನೇಶ್ವರನ ಪದ್ಯದಲ್ಲಿ ಊರು ಮೊದಲು ಬರುತ್ತದೆ. ಇಲ್ಲಿ ಊರೇ ಬರುವುದಿಲ್ಲ. ಅದೇ ಪರಿಚಯ ಮದುವೆಯ ಬಯೋಡೇಟಾಕ್ಕೆ ಇಳಿದಾಗ ಮಾತ್ರ ಊರು, ಮನೆತನ, ನೀರಾವರಿ ಎಷ್ಟು, ಒಣಬೇಸಾಯ ಎಷ್ಟು ಎಲ್ಲ ತಿರುಗಿ ಬಂದು, ಕೊನೆಗೆ ‘ಲೇಖಕರು’ ಎಂದು ಸೇರಿರುತ್ತದೆ. ಹೆಣ್ಣಿನ ಕಡೆಯವರು ಕತೆಯೋ ಕಾದಂಬರಿಯೋ ಎಂದು ಕೇಳಿದರೆ ದಲ್ಲಾಳಿ ಹೇಳಬೇಕಾದ ಉತ್ತರ ಇನ್ನೂ ಸಿದ್ಧವಾಗಿಲ್ಲ.

ಈಗ ಮೋಕ್ಷ. ಅಮೆರಿಕದಲ್ಲಿ ಇಬಿ-1ಎ ಎಂಬ ವಲಸೆಯ ದಾರಿಯೊಂದಿದೆ, ಅಸಾಧಾರಣ ಸಾಮರ್ಥ್ಯದವರಿಗೆ. ಭಾರತೀಯರಿಗೆ ಬೇರೆ ಸಾಲುಗಳು ವರ್ಷಾನುವರ್ಷ ಅಲುಗದ ಕಾರಣ ಎಲ್ಲರೂ ಒಮ್ಮೆಲೇ ಅಸಾಧಾರಣರಾಗುತ್ತಿದ್ದಾರೆ. ನೊಬೆಲ್‌ನಂಥ ದೊಡ್ಡ ಪ್ರಶಸ್ತಿ ಕೈಯಲ್ಲಿದ್ದರೆ ತಂಟೆಯಿಲ್ಲ. ಇಲ್ಲದವರು ಹತ್ತು ಬಗೆಯ ಪುರಾವೆಗಳಲ್ಲಿ ಮೂರನ್ನಾದರೂ ತೋರಿಸಬೇಕು. ವೃತ್ತಿಪತ್ರಿಕೆಗಳಲ್ಲಿ ವಿದ್ವತ್ ಲೇಖನ ಬರೆದಿರುವುದು ಒಂದು, ಇತರರ ಕೆಲಸದ ಗುಣದೋಷ ನಿರ್ಣಯಿಸಿರುವುದು ಇನ್ನೊಂದು. ಆಳಂದದವನು ಬರೆದದ್ದನ್ನು ಜೇವರ್ಗಿಯವನು ನಿರ್ಣಯಿಸಿ, ಜೇವರ್ಗಿಯವನು ಬರೆದದ್ದನ್ನು ಆಳಂದದವನು ನಿರ್ಣಯಿಸಿದರೆ ಇಬ್ಬರಿಗೂ ಎರಡೆರಡು ಪುರಾವೆ ಆಯಿತು. ಮೂರನೆಯದಕ್ಕೆ ಅಫಜಲಪುರದವನೊಬ್ಬ ಬೇಕಾಗುತ್ತಾನೆ.

ಇದಕ್ಕೂ ನಮ್ಮಲ್ಲಿ ಪೂರ್ವನಿದರ್ಶನವಿದೆ. ಆಳಂದೆಯಲ್ಲಿ ಹುಟ್ಟಿದ ಏಕಾಂತದ ರಾಮಯ್ಯನ ವೃತ್ತಾಂತ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿದೆ. ಅವನು ಪಂಥ ಹೂಡುವ ಮೊದಲು ಪ್ರತಿವಾದಿಗಳಿಂದ ಓಲೆಯ ಮೇಲೆ ಕರಾರು ಬರೆಸಿಕೊಂಡ. ತಲೆಯನ್ನೇ ಪಣಕ್ಕಿಟ್ಟು ಗೆದ್ದ ಮೇಲೆ ಅರಸ ಬಿಜ್ಜಳನಿಂದ ಜಯಪತ್ರ ಪಡೆದ. ರಿಕ್ವೈರ್‌ಮೆಂಟನ್ನು ಬರಹದಲ್ಲಿ ತಗೊಂಡು, ಕೆಲಸ ಮುಗಿದ ಮೇಲೆ ಸರ್ಟಿಫಿಕೇಟು ತಗೊಂಡ ಮೊದಲ ಆಳಂದದವನು ಇವನೇ. ಈಗಿನವರು ಜಯಪತ್ರವನ್ನು ಕೇಳುತ್ತಾರೆ, ತಲೆಯ ವಿಚಾರವನ್ನು ಮುಂದಿನ ಕ್ವಾರ್ಟರಿಗೆ ಹಾಕುತ್ತಾರೆ.

ಕೊನೆಗೆ ಒಂದು ಅಪವಾದವನ್ನು ಪರಿಹರಿಸಬೇಕು. ಅಫಜಲಪುರದ ಕಡೆಯ ಒಬ್ಬ ತರುಣ ಎರಡೇ ಪುಟದ ಲೇಖನ ಬರೆದ, ಅದೂ ಕನ್ನಡದಲ್ಲಿ. ವಿಷಯ ಅರ್ಕಾವತ್ತು. ಹಳೆಯ ಅಕ್ಷರಶೈಲಿಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂರುತ್ತದೆ. ಯುನಿಕೋಡಿನಲ್ಲಿ ರಕಾರ ಉಚ್ಚಾರದ ಕ್ರಮದಂತೆ ಮೊದಲೇ ಬರಬೇಕು. ಅದನ್ನು ಹಿಂದಕ್ಕೆ ಸರಿಸುವಾಗ ನಡುವಿನ ಒತ್ತು, ಕಾಗುಣಿತ ಎಷ್ಟನ್ನು ದಾಟಬೇಕೆಂದು ತಿಳಿಯದಿದ್ದರೆ ಹಳೆಯದನ್ನು ಯುನಿಕೋಡಿಗೆ ತರುವ ಪರಿವರ್ತಕ ಎಡವುತ್ತದೆ. ಈ ರಗಳೆ ಬೇಡವೆಂದು ಒಂಬತ್ತರ ಅಂಕಿಯನ್ನೇ ಅರ್ಕಾವತ್ತಾಗಿ ಕುಟ್ಟಿ ‘ಕನಾ೯ಟಕ’ ಎಂದು ಬರೆದ ಫಲಕಗಳನ್ನು ನಾವೆಲ್ಲ ಓದುತ್ತ ಬೆಳೆದವರು. ತರುಣ ನಿಯಮವನ್ನು ಬಿಡಿಸಿ ಬರೆದ, ಉದಾಹರಣೆ ಕೊಟ್ಟ, ತನ್ನ ಪ್ರೋಗ್ರಾಮು ಎಲ್ಲಿ ಸೋಲುತ್ತದೆಂದೂ ಹೇಳಿದ. ಆ ರಾತ್ರಿ ಕಲಬುರಗಿಯ ಡಿಟಿಪಿ ಅಂಗಡಿಯವರೊಬ್ಬರು ಫೋನ್ ಮಾಡಿದರು: “ಸರ್, ನೀವು ಬರದಂಗ ಮಾಡೀನ್ರಿ, ನಾನೂರು ಪುಟ ಖರೇನೇ ಸರಿ ಬಂದಾವ್ರಿ. ‘ಪ್ರಾರ್ಥನೆ’ ಒಂದು ಹಟಾ ಮಾಡ್ಲಿಕ್ಕತ್ತದ, ಅದಕ್ಕೇನ್ ಮಾಡ್ಲಿ?” ಇಬ್ಬರೂ ಹನ್ನೆರಡರವರೆಗೆ ಕೂತು ಅದನ್ನೂ ಸರಿಮಾಡಿದರು.

1968ರಲ್ಲಿ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ‘ಗೋಟು’ ಆಜ್ಞೆಯ ವಿರುದ್ಧ ಬರೆದ ಲೇಖನವೂ ಹೀಗೇ ಚಿಕ್ಕದು. ಪತ್ರಿಕೆಯಲ್ಲಿ ಸಂಪಾದಕರಿಗೆ ಬರೆದ ಪತ್ರವಾಗಿ ಅಚ್ಚಾಯಿತು, ಪ್ರಸಿದ್ಧವಾದ ತಲೆಬರಹವನ್ನು ಇಟ್ಟದ್ದೂ ಸಂಪಾದಕ ನಿಕ್ಲಾಸ್ ವಿರ್ತ್. ಅದು ಪ್ರೋಗ್ರಾಂ ಬರೆಯುವ ರೀತಿಯನ್ನೇ ಬದಲಿಸಿತು. ಆದರೆ ನಮ್ಮ ಅಫಜಲಪುರದವನ ಅಪ್ರೈಸಲಿನಲ್ಲಿ ಅರ್ಕಾವತ್ತಿನ ಲೇಖನ ‘ವೈಯಕ್ತಿಕ ಹವ್ಯಾಸ’ ಎಂಬ ಕಲಮಿನಡಿ ಬಿತ್ತು. ಪ್ರಮೋಷನ್ ಬರಲಿಲ್ಲ. ಓದುಗರಿರುವುದು, ವಿಷಯವಿರುವುದು, ಫಲವಿಲ್ಲದಿರುವುದು ಎಂಬ ಮೂರು ದೋಷಗಳು ಒಟ್ಟಿಗೆ ಕಾಣುವುದರಿಂದ ಅದು ನಮ್ಮ ಲಕ್ಷಣದ ವ್ಯಾಪ್ತಿಗೆ ಬಾರದು. ಶಾಸ್ತ್ರವು ಅದನ್ನು ಕೈಬಿಡುತ್ತದೆ.

ಪ್ರಬಂಧಕಾರರ ಪರಿಚಯ: ಅವರು ಇಬಿ-1ಎಯ ಹತ್ತು ಪುರಾವೆಗಳಲ್ಲಿ ಒಂದನ್ನೂ ಹೊಂದಿಲ್ಲ, ಈ ಪ್ರಬಂಧ ಅಚ್ಚಾದರೆ ಒಂದಾಗುತ್ತದೆ. ಕಾಗಿಣಾದಿಂದ ಭೀಮೆಯವರೆಗೆ ಕಲಬುರಗಿಯಂಥ ಜಿಲ್ಲೆಯಿಲ್ಲ, ಈ ಪತ್ರಿಕೆಯ ಸಂಪಾದಕರಂಥ ಸಂಪಾದಕರಿಲ್ಲ, ಪ್ರಬಂಧಕಾರರಂಥ ವಿದ್ವಾಂಸರೂ ಇಲ್ಲ. ಬಿಡುವಿನಲ್ಲಿ ಟ್ರೆಕ್ಕಿಂಗ್ ಹೋಗುವುದಿಲ್ಲ.