ಮಗ್ಗ ಅದೇ, ಕಾರ್ಡು ಬೇರೆ

ಕೊಳ್ಳೇಗಾಲದವನು ಎಂದು ಹೇಳಿಕೊಂಡರೆ ಬೆಂಗಳೂರಿನ ಜನ ಇವತ್ತಿಗೂ ಒಂದು ಹೆಜ್ಜೆ ಹಿಂದೆ ಸರಿದು, ‘ಓಹೋ, ನಿಮ್ಮ ಕಡೆ ಅದೆಲ್ಲ ಜೋರಂತಲ್ಲ!’ ಎನ್ನುತ್ತಾರೆ. ಅದೆಲ್ಲ ಎಂದರೆ ನಿಂಬೆಹಣ್ಣು, ಕುಂಕುಮ, ತಾಯಿತ. ರೇಷ್ಮೆ ಸೀರೆಯ ಊರು ಕಣ್ರೀ ಎಂದು ನೆನಪಿಸಿದರೆ ‘ಹೌದಾ’ ಎಂದು ಸುಮ್ಮನಾಗುತ್ತಾರೆ. ಮೊನ್ನೆ ನಮ್ಮ ಮನೆಯ ಕಂಪ್ಯೂಟರಿನ ಕರಿ ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಮೇಲೇರುವುದನ್ನು ಕಂಡ ಪಕ್ಕದ ಮನೆ ಹುಡುಗ ಮಾತ್ರ, ಬೆಂಗಳೂರಿನವರ ಮಾತಿನಲ್ಲಿ ಏನೋ ಇದ್ದೀತು ಎಂಬಂತೆ ನನ್ನ ಮುಖವನ್ನೇ ನೋಡಿದ.

ನಡೆದದ್ದು ಇಷ್ಟೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು. ನಮ್ಮ ಹಳೇ ಡೆಸ್ಕ್‌ಟಾಪಿಗೂ ಆ ಚಿಪ್ಪಿಗೂ ಮುಖಪರಿಚಯವಿಲ್ಲ. ಫ್ಯಾನು ತಿರುಗುತ್ತದೆ, ಡಿಸ್ಕ್ ಓಡುತ್ತದೆ, ಅಮ್ಮನ ಧಾರಾವಾಹಿಯೂ ಓಡುತ್ತದೆ. ಓಡುವ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬರದೆ, ಅದೇ ಸೆಪ್ಟೆಂಬರಿನಲ್ಲಿ ಹೊರಬಂದಿದ್ದ ಲಿನಕ್ಸ್ ಮಿಂಟ್ 22.2 ಹಾಕಿ ನೋಡಲು ಹೊರಟೆ. ಈ ಮಿಂಟಿನವರು ಒಂದೊಂದು ಆವೃತ್ತಿಗೂ ಒಂದೊಂದು ಹೆಣ್ಣಿನ ಹೆಸರಿಡುತ್ತಾರೆ. 22 ವಿಲ್ಮಾ, 22.1 ಶಿಯಾ, ಇದು ಝಾರಾ. ಫೋನಿನಲ್ಲಿ ಗೆಳೆಯನಿಗೆ ‘ಈ ಭಾನುವಾರ ಝಾರಾನ ಮನೆಗೆ ತರ್ತಿದೀನಿ’ ಎಂದದ್ದು ಅಡುಗೆಮನೆಗೂ ಕೇಳಿಸಿತು. ಒಗ್ಗರಣೆಯ ಸದ್ದು ನಿಂತಿತು. ವಿಷಯ ಬಿಡಿಸಿ ಹೇಳಿದ ಮೇಲೆ ಅಮ್ಮನ ಮುಖದಲ್ಲಿ ಕಂಡದ್ದು ಸಮಾಧಾನವೋ ನಿರಾಸೆಯೋ, ನಾನು ವಿಚಾರಿಸಲು ಹೋಗಲಿಲ್ಲ.

ಮೂರು ಜಿಬಿಗೆ ಹತ್ತಿರದ ಕಡತವನ್ನು ಇಳಿಸಿಕೊಳ್ಳುವುದು ಈಗ ಕೊಳ್ಳೇಗಾಲದಲ್ಲಿ ದೊಡ್ಡ ಮಾತಲ್ಲ. ಹನೂರಿನ ಭಾವನಿಗೆ ಮಾತ್ರ ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಬೇಕು. ಅವರ ತೋಟದ ಮನೆಯಲ್ಲಿ ಸಿಗ್ನಲ್ ಬರುವುದು ಹುಣಸೆಮರದ ಬುಡದಲ್ಲಿ, ಅದೂ ನಿಂತುಕೊಂಡರೆ. ಬಿಟ್ಟಿ ಎಂದ ಕೂಡಲೇ ಭಾವ ಹುಬ್ಬು ಗಂಟಿಕ್ಕಿದರು.

‘ಯಾರಪ್ಪ ಇದ್ಕ ದುಡ್ಡು ಹಾಕೋರು?’

ಬಳಸುವವರು ಕೈಲಾದಷ್ಟು ಕೊಡುತ್ತಾರೆ, ಬರೆಯಬಲ್ಲವರು ಬರೆಯುತ್ತಾರೆ, ಕೊಡದವರೂ ಬಳಸಬಹುದು ಎಂದೆ. ಅಮಾವಾಸ್ಯೆ ತಪ್ಪಿಸದೆ ಮಾದಪ್ಪನ ಬೆಟ್ಟ ಹತ್ತುವ ಮನುಷ್ಯ. ‘ದಾಸೋಹ ಅನ್ನು’ ಎಂದು ಒಂದೇ ಮಾತಿಗೆ ಮುಗಿಸಿದರು. ಆಮೇಲೆ ಸ್ವಲ್ಪ ಯೋಚಿಸಿ, ‘ಸರಿ, ಎಲೆ ಎತ್ತೋರು ಯಾರು?’ ಎಂದರು. ಮುಕ್ತ ತಂತ್ರಾಂಶದ ಬಗ್ಗೆ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ನಾನು ಕೇಳಿಲ್ಲ. ಬಡಿಸುವುದಕ್ಕೆ ಎಲ್ಲರೂ ಮುಂದೆ ಬರುತ್ತಾರೆ. ಹಳೇ ಪ್ರಿಂಟರಿನ ಡ್ರೈವರ್ ರಿಪೇರಿ ಮಾಡುತ್ತ ಕೂರುವವನ ಹೆಸರು ಯಾವ ಬ್ಯಾನರಿನಲ್ಲೂ ಇರುವುದಿಲ್ಲ.

ಬಿಟ್ಟಿಯನ್ನು ಮೊದಲು ನಂಬಿದವರು ಯಳಂದೂರಿನ ನಮ್ಮ ಮೇಷ್ಟ್ರು. ಉಬುಂಟುವಿನವರು 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. ಮೇಷ್ಟ್ರು ತರಿಸಿಕೊಂಡರು. ವಿದೇಶದ ಲಕೋಟೆ ಬಂದಿದೆಯೆಂದು ಬೀದಿಯಲ್ಲಿ ಸುದ್ದಿಯಾಯಿತು. ಅವರ ಮಗನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿತೆಂದು ಇಬ್ಬರು ಹೆಣ್ಣು ಕೊಡಲೂ ಬಂದರಂತೆ. ಸಿಡಿ ಹಾಕುವ ಧೈರ್ಯವಾಗದೆ ಅದು ಬೀರುವಿನಲ್ಲೇ ಉಳಿಯಿತು ಎಂಬುದು ಬೇರೆ ಮಾತು.

ಅದೇ ಮೇಷ್ಟ್ರು ಈಗ ಝಾರಾ ನೋಡಲು ಬಂದರು, ಒಂದು ಪೆನ್‌ಡ್ರೈವ್ ಹಿಡಿದು. ಅದರಲ್ಲಿ ಅವರ ಯಳಂದೂರಿನ ಚರಿತ್ರೆ: ದಿವಾನ್ ಪೂರ್ಣಯ್ಯನವರ ಜಹಗೀರು, ಗೌರೀಶ್ವರ ದೇವಸ್ಥಾನದ ಬಳೆಮಂಟಪ, ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ. ಎಲ್ಲವೂ ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದು. ತೆರೆದರೆ ಕನ್ನಡವೇ ಇಲ್ಲ! ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟು ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಇದು ಲಿನಕ್ಸಿನ ತಪ್ಪಲ್ಲ. ಪರಿವರ್ತಕಕ್ಕೆ ಕೊಟ್ಟು ಯುನಿಕೋಡ್ ಮಾಡಿಸಬೇಕು. ಅಲ್ಲೊಂದು ಚಿಕ್ಕ ತೊಡಕು: ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಮೊದಲೇ ಬರಬೇಕು. ಅದನ್ನು ಎತ್ತಿ ಹಿಂದಕ್ಕೆ ಕೂರಿಸದಿದ್ದರೆ ಪೂರ್ಣಯ್ಯನವರು ಅಪೂರ್ಣ. ಮೇಷ್ಟ್ರು ಕನ್ನಡಕ ಏರಿಸಿ ಮೊದಲು ಹುಡುಕಿದ್ದು ಹೊನ್ನಮ್ಮನ ‘ಧರ್ಮ’ವನ್ನು. ನೆಟ್ಟಗಿತ್ತು. ‘ಪರವಾಗಿಲ್ಲ ಕಣಯ್ಯ, ಓದಿಕೊಂಡಿದೆ’ ಎಂದು ಸರ್ಟಿಫಿಕೇಟು ಕೊಟ್ಟರು.

ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಮೇಷ್ಟ್ರ ಬೆರಳು ಅಭ್ಯಾಸಬಲದಿಂದ ‘ಎಫ್’ ಕೀಲಿಗೆ ಹೋಯಿತು, ಒತ್ತು ತಾನಾಗಿ ಬಿತ್ತು. ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಫಾಂಟುಗಳನ್ನು ತೋರಿಸಿದೆ. ನವಿಲು ಕೈಬರಹದಂತಿದೆ. ‘ಇದು ನನ್ನ ಅಕ್ಷರಕ್ಕಿಂತ ಚೆನ್ನಾಗಿದೆ’ ಎಂದು ಅವರಿಗೆ ತುಸು ಬೇಸರವಾಯಿತು.

ಇಷ್ಟೆಲ್ಲ ನಡೆದದ್ದು ಇನ್ನೂ ಡಿಸ್ಕಿಗೆ ಕೈ ಹಚ್ಚದೆ. ಪೆನ್‌ಡ್ರೈವಿನಿಂದಲೇ ಇಡೀ ವ್ಯವಸ್ಥೆ ಎದ್ದು ಓಡುತ್ತದೆ. ಕಿತ್ತರೆ ಹಳೇ ವಿಂಡೋಸ್ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ಓದಿದವರಿಗೆ ಇದನ್ನು ವಿವರಿಸಿ ಸೋತಿದ್ದೆ. ಹಿಂದಿನ ಬೀದಿಯ ನೇಕಾರರೊಬ್ಬರು ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: ‘ಕಾರ್ಡ್ ಬದ್ಲಾಯ್ಸಿದೀರಿ ಅನ್ನಿ. ಮಗ್ಗ ಅದೇಯ.’

ಅವರ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ ಇದೆ. ದಾರದಿಂದ ಹೊಲಿದ ರಟ್ಟಿನ ಕಾರ್ಡುಗಳ ಮಾಲೆ ಒಂದೊಂದಾಗಿ ಅದರೆದುರು ಬರುತ್ತದೆ. ತೂತಿದ್ದಲ್ಲಿ ಸೂಜಿ ಒಳಹೊಕ್ಕು ಕೊಕ್ಕೆ ನಿಂತಲ್ಲೇ ನಿಲ್ಲುತ್ತದೆ, ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದಕ್ಕೆ ಸರಿದು ಕೊಕ್ಕೆ ತಪ್ಪುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಹೌದು, ಇಲ್ಲ, ಇಲ್ಲ, ಹೌದು. ಅಷ್ಟರಿಂದಲೇ ಸೆರಗಿನಲ್ಲಿ ನವಿಲು ಕೂರುತ್ತದೆ. ಫ್ರಾನ್ಸಿನ ಜಕಾರ್ಡ್ ಇದನ್ನು ರೂಪಿಸಿದ್ದು 1804ರ ಸುಮಾರಿಗೆ. ಇದೇ ಕಾರ್ಡನ್ನು ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ತಂದ. 1843ರಲ್ಲಿ ಆ ಯಂತ್ರದ ಬಗ್ಗೆ ಬರೆಯುವಾಗ ಏಡಾ ಲವ್‌ಲೇಸ್ ಎತ್ತಿಕೊಂಡದ್ದೂ ಇದೇ ಮಗ್ಗದ ಮಾತು. ಮಿಂಟಿನ ಮೊಟ್ಟಮೊದಲ ಆವೃತ್ತಿ ಬಂದದ್ದು 2006ರಲ್ಲಿ. ಅದರ ಹೆಸರೂ ಏಡಾ. ಕಂಪ್ಯೂಟರಿನ ಅಜ್ಜ ನಮ್ಮೂರಿನ ಮನೆಮನೆಯಲ್ಲಿ ಟಕಟಕ ಎನ್ನುತ್ತಿರುವಾಗ ನಾವು ಅದರ ಮೊಮ್ಮಕ್ಕಳಿಗೆ ಹೆದರುತ್ತ ಕೂತಿದ್ದೇವೆ.

ಚಿತ್ರ ತಿದ್ದುವ ಜಿಂಪ್ ತಂತ್ರಾಂಶ ತೆರೆದು, ಒಂದು ಚಿತ್ರವನ್ನು ಹಿಗ್ಗಿಸಿ ಚೌಕಗಳನ್ನು ತೋರಿಸಿದೆ. ನೇಕಾರಣ್ಣ ಕುರ್ಚಿ ಎಳೆದುಕೊಂಡು ಕೂತರು, ನಾನು ನಿಂತೆ. ಒಂದು ಚೌಕಕ್ಕೆ ಒಂದು ಎಳೆ ಎಂದು ಲೆಕ್ಕ ಹಾಕಿ, ಸೀರೆಯಂಚಿನ ಗೋಪುರವನ್ನು ಮೌಸಿನಿಂದ ಕುಟ್ಟತೊಡಗಿದರು. ಮಧ್ಯೆ ಕರೆಂಟು ಹೋಯಿತು. ಬಂದ ಮೇಲೆ ಮೊದಲಿನಿಂದ ಕುಟ್ಟಿದರು, ಗೊಣಗದೆ. ಗೋಪುರ ಮುಗಿದಾಗ ಹಿಂದಕ್ಕೆ ಒರಗಿ ನೋಡಿ ಕೇಳಿದರು:

‘ಗ್ರಾಫ್ ಹಾಳೆ ದುಡ್ಡು ಉಳೀತು ಸಾ. ಇನ್ನ ರಟ್ಟಿಗ ತೂತು ಹೊಡೆಯೋದು ಯಾವ ಬಟನ್ನು?’